ಕಂಪ್ಯೂಟರ್ ಹುಡುಗನ ಮೇಲೆ ನಿಂತ ಕಚೇರಿ

ಸೋಮವಾರ ಬೆಳಿಗ್ಗೆ ಹತ್ತೂವರೆ. ತೆಲಂಗಾಣದ ಮಕ್ತಲ ಸೀಮೆಯ ಯಾವ ತಹಸೀಲ್ದಾರ್ ಕಚೇರಿಯೂ ಆಗಬಹುದು. ಹೊರಗೆ ಬೇವಿನ ನೆರಳಲ್ಲಿ ಬೈಕುಗಳ ಸಾಲು. ಒಳಗೆ ಒಂದು ಮೇಜು, ಎರಡು ಕಂಪ್ಯೂಟರ್, ಒಂದು ಬೆರಳಚ್ಚು ಯಂತ್ರ, ಮೂಲೆಯಲ್ಲಿ ನಿಮಿಷಕ್ಕೊಮ್ಮೆ ಕೀಂಯ್ ಎನ್ನುವ ಯುಪಿಎಸ್. ಮೇಜಿನ ಆಚೆ ಮೂವತ್ತು ದಾಟದ ಒಬ್ಬ ಆಪರೇಟರ್. ಈಚೆ ಜಮೀನು ಬರೆದುಕೊಡಲು ಬಂದವರು, ಬರೆಸಿಕೊಳ್ಳಲು ಬಂದವರು, ಅವರ ಸಾಕ್ಷಿಗಳು, ಸಾಕ್ಷಿಗಳ ಜೊತೆ ಚಹಾಕ್ಕೆಂದು ಬಂದವರು.

“ತಮ್ಮಾ, ಇವತ್ತರ ಆಗ್ತದೇನಪಾ?” ಎಂದು ಧೋತರ ಉಟ್ಟ ಅಜ್ಜ ಕೇಳುತ್ತಾರೆ. “ಸರ್ವರ್ ಲೇದು ತಾತಾ, ಜರಾ ಕುಂದ್ರಿ” ಎನ್ನುತ್ತಾನೆ ಹುಡುಗ. ಅಷ್ಟರಲ್ಲಿ ಒಳಕೋಣೆಯಿಂದ ಕರೆಗಂಟೆ. ಸಾಹೇಬರ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿದೆ. ಮೊಬೈಲಿಗೆ ಜಿಲ್ಲಾ ಕೇಂದ್ರದಿಂದ ವಾಟ್ಸ್‌ಆ್ಯಪ್. ಸೋಮವಾರದ ಅಹವಾಲು ಸಭೆಯ ಅರ್ಜಿಗಳ ಲೆಕ್ಕ ಹನ್ನೊಂದಕ್ಕೆಲ್ಲ ಬೇಕು. ಹಿಂದಿನ ಸಾಲಿನಿಂದ ಯಾರೋ ಗೊಣಗುತ್ತಾರೆ: “ಕೈ ಬೆಚ್ಚಗಾದ್ರ ಸರ್ವರ್ ತಾನ ಬರ್ತದ.”

ಹತ್ತು ನಿಮಿಷದೊಳಗೆ ಒಬ್ಬನೇ ಹುಡುಗನ ಮೇಲೆ ಬಿದ್ದ ಈ ನಾಲ್ಕು ಮಾತುಗಳಲ್ಲಿ ಅವನ ಕೈಲಾಗುವುದು ಎರಡು: ಪ್ರಿಂಟರಿನ ಕಾಗದ ತೆಗೆಯುವುದು, ಲೆಕ್ಕ ಕಳಿಸುವುದು. ಸರ್ವರ್ ಅವನದಲ್ಲ. ಲಂಚದ ಆರೋಪಕ್ಕೆ ಉತ್ತರ ಹೇಳಲು ಅವನ ಬಳಿ ದಾಖಲೆ ಇಲ್ಲ. ಆದರೆ ಬೈಗುಳ ನಾಲ್ಕಕ್ಕೂ ಅವನಿಗೇ.

ಇಂದು ಐಟಿಯವರು ಬೆಂಗಳೂರು, ಹೈದರಾಬಾದಿನ ಗಾಜಿನ ಕಟ್ಟಡಗಳಿಗಷ್ಟೇ ಸೇರಿದವರಲ್ಲ. ನಾರಾಯಣಪೇಟೆಯ ಕಲೆಕ್ಟರ್ ಕಚೇರಿ, ಗದ್ವಾಲದ ಆಸ್ಪತ್ರೆ, ಮಕ್ತಲದ ಬ್ಯಾಂಕು, ಊರ ಕಾಲೇಜು ಎಲ್ಲವೂ ಒಬ್ಬಿಬ್ಬರು ಕಂಪ್ಯೂಟರ್ ಬಲ್ಲವರ ಮೇಲೆ ನಿಂತಿವೆ. ಅವರಿಂದ ಕೆಲಸ ತೆಗೆಯುವ ಬಗೆ ಮಾತ್ರ ಅನೇಕ ಮೇಲಧಿಕಾರಿಗಳಿಗೆ ಇನ್ನೂ ಕೈಗೆ ಹತ್ತಿಲ್ಲ.

ಒಂದೇ ಹೆಸರು, ಹಲವು ನೌಕರಿ

‘ಕಂಪ್ಯೂಟರಿನವ’ ಎಂದು ಜನ ಒಟ್ಟಾಗಿ ಕರೆಯುವವರು ನಿಜಕ್ಕೂ ಬೇರೆ ಬೇರೆ ಯಜಮಾನರ ಆಳುಗಳು. ಜಿಲ್ಲಾ ಕೇಂದ್ರದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರದ ಅಧಿಕಾರಿ ಇರುತ್ತಾರೆ. ಎನ್‌ಐಸಿ ಎಂದು ಹೆಸರಾದ ಈ ಸಂಸ್ಥೆ ಶುರುವಾದದ್ದು 1976ರಲ್ಲಿ. ಇದು ಕೇಂದ್ರ ಸರ್ಕಾರದ್ದು. ಅವರ ಜೊತೆಗೆ ರಾಜ್ಯ ಸರ್ಕಾರದ ಆನ್‌ಲೈನ್ ಸೇವೆಗಳನ್ನು ನೋಡಿಕೊಳ್ಳುವ ಇ-ಡಿಸ್ಟ್ರಿಕ್ಟ್ ಮ್ಯಾನೇಜರ್. ತಹಸೀಲ್ದಾರ್ ಕಚೇರಿಯ ಆಪರೇಟರ್ ಸಾಮಾನ್ಯವಾಗಿ ಹೊರಗುತ್ತಿಗೆಯವನು. ಹಾಜರಿ ಇಲ್ಲಿ, ಸಂಬಳ ಏಜೆನ್ಸಿಯಿಂದ. ಬಸ್‌ಸ್ಟ್ಯಾಂಡ್ ಹತ್ತಿರದ ಮೀ-ಸೇವಾ ಕೇಂದ್ರದವರಂತೂ ನೌಕರರೇ ಅಲ್ಲ. 2011ರಲ್ಲಿ, ಆಂಧ್ರಪ್ರದೇಶ ಇನ್ನೂ ಒಂದಾಗಿದ್ದಾಗ ಆರಂಭವಾದ ಆ ವ್ಯವಸ್ಥೆಯಲ್ಲಿ ಅವರು ಸೇವೆಗಿಷ್ಟು ಎಂದು ಕಮಿಷನ್ ಪಡೆಯುವ ಖಾಸಗಿಯವರು.

ಖಾಸಗಿ ಆಸ್ಪತ್ರೆ, ಕಾಲೇಜು, ಹತ್ತಿ ಮಿಲ್ಲುಗಳಲ್ಲಿ ಬೇರೆ ಬಗೆ. ಅಲ್ಲಿ ಒಬ್ಬನೇ ಎಲ್ಲವೂ. ಸಿಸಿಟಿವಿ ಕ್ಯಾಮೆರಾ ಅವನದು, ಬಿಲ್ಲಿಂಗ್ ತಂತ್ರಾಂಶ ಅವನದು, ಮಾಲೀಕರ ಮಗಳ ಲ್ಯಾಪ್‌ಟಾಪ್ ಕೂಡ ಅವನದೇ. 2024ರಲ್ಲಿ ನಾರಾಯಣಪೇಟೆ ಮತ್ತು ಗದ್ವಾಲ ಎರಡಕ್ಕೂ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿವೆ. ಇಂಥ ಸಂಸ್ಥೆಗಳು ಬಂದಷ್ಟೂ ಹಾಜರಿ ಯಂತ್ರದಿಂದ ರೋಗಿಗಳ ದಾಖಲೆವರೆಗೆ ಕಂಪ್ಯೂಟರಿಗೆ ಕಟ್ಟಿದ ಕೆಲಸಗಳೂ ಹೆಚ್ಚುತ್ತವೆ.

ಹಾಗಾಗಿ ಮೇಲಧಿಕಾರಿ ಮೊದಲು ತಿಳಿಯಬೇಕಾದ್ದು, ತನ್ನ ಮುಂದೆ ಕೂತವನು ಯಾರ ನೌಕರ, ಅವನ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದು. ಎನ್‌ಐಸಿ ಅಧಿಕಾರಿಗೆ ಹೇಳಬೇಕಾದ್ದನ್ನು ಹೊರಗುತ್ತಿಗೆ ಹುಡುಗನಿಗೆ ಹೇಳಿ ದಬಾಯಿಸಿದರೆ ಗದ್ದಲ ಆಗುತ್ತದೆ, ಕೆಲಸ ಆಗುವುದಿಲ್ಲ.

ಭಾರವೆಲ್ಲ ಒಂದೇ ಪರದೆಯ ಮೇಲೆ

ಈ ಸೀಮೆಯಲ್ಲಿ ಆ ಮೇಜಿನ ಭಾರ ಇಷ್ಟು ಏರಿದ್ದಕ್ಕೆ ಇತ್ತೀಚಿನ ಇತಿಹಾಸವಿದೆ. ಜೋಗುಳಾಂಬ ಗದ್ವಾಲ ಜಿಲ್ಲೆಯಾದದ್ದು 2016ರ ಅಕ್ಟೋಬರಿನಲ್ಲಿ. ನಾರಾಯಣಪೇಟೆ ಜಿಲ್ಲೆ 2019ರ ಫೆಬ್ರುವರಿಯಲ್ಲಿ ಹುಟ್ಟಿತು. ಮಕ್ತಲ ಅದರೊಳಗೆ ಬಂತು. ಮೆಹಬೂಬನಗರದಲ್ಲಿ ಆಗುತ್ತಿದ್ದ ಕೆಲಸಗಳಿಗೆ ಹೊಸ ಜಿಲ್ಲಾ ಕಚೇರಿಗಳು ಎದ್ದವು, ಹೊಸ ಲಾಗಿನ್‌ಗಳು ಬಂದವು.

2020ರ ಸೆಪ್ಟೆಂಬರಿನಲ್ಲಿ ತೆಲಂಗಾಣ ಸರ್ಕಾರ ಹಳ್ಳಿಯ ಕಂದಾಯ ಅಧಿಕಾರಿ, ಅಂದರೆ ವಿಆರ್‌ಒ ಹುದ್ದೆಯನ್ನೇ ತೆಗೆದುಹಾಕಿತು. ಅಕ್ಟೋಬರ್ 29ರಂದು ಧರಣಿ ಪೋರ್ಟಲ್ ಶುರುವಾಯಿತು. ಕೃಷಿ ಜಮೀನಿನ ನೋಂದಣಿ ತಹಸೀಲ್ದಾರರ ಕೈಗೆ ಬಂತು. ನೋಂದಣಿ ಮತ್ತು ಖಾತೆ ಬದಲಾವಣೆ ಒಂದೇ ಸಲಕ್ಕೆ ಮುಗಿಯಬೇಕೆಂಬುದು ಉದ್ದೇಶ. ಹಿಂದೆ ಹಳ್ಳಿಯ ಕಟ್ಟೆಯ ಮೇಲೆ, ಉಪನೋಂದಣಿ ಕಚೇರಿಯಲ್ಲಿ, ಕಂದಾಯ ಕಚೇರಿಯಲ್ಲಿ ಹಂಚಿಹೋಗುತ್ತಿದ್ದ ಜನರೆಲ್ಲ ಒಂದೇ ಪರದೆಯ ಮುಂದೆ ಕೂಡಿದರು. ದಾಖಲೆಯ ಅನೇಕ ತಿದ್ದುಪಡಿಗಳು ಕಲೆಕ್ಟರ್ ಮಟ್ಟಕ್ಕೆ ಹೋಗಬೇಕಿತ್ತು. ಪರದೆಯ ಮೇಲೆ ತಪ್ಪು ಕಣ್ಣಿಗೆ ಹೊಡೆಯುತ್ತಿದ್ದರೂ ತಿದ್ದುವ ಅಧಿಕಾರ ಅದನ್ನು ತೋರಿಸುವವನಿಗೆ ಇರಲಿಲ್ಲ. ಹೊಲ ಕಳೆದುಕೊಂಡೆನೇನೋ ಎಂಬ ಗಾಬರಿಯಲ್ಲಿ ಬಂದ ರೈತನಿಗೆ ಈ ಸೂಕ್ಷ್ಮ ಹೇಗೆ ಗೊತ್ತಾಗಬೇಕು? ಅವನ ಪಾಲಿಗೆ ಪರದೆಯ ಹಿಂದೆ ಕೂತವನೇ ಸರ್ಕಾರ.

2025ರ ಏಪ್ರಿಲ್ 14ಕ್ಕೆ ಧರಣಿಯ ಜಾಗಕ್ಕೆ ಭೂಭಾರತಿ ಬಂತು. ಅದನ್ನು ಮೊದಲು ಪರೀಕ್ಷಿಸಲು ಆರಿಸಿದ ನಾಲ್ಕು ಮಂಡಲಗಳಲ್ಲಿ ನಾರಾಯಣಪೇಟೆ ಜಿಲ್ಲೆಯ ಮದ್ದೂರೂ ಒಂದು. ಮನೆಮನೆಗೆ ಆಪ್ಟಿಕಲ್ ಫೈಬರ್ ಕೊಡುವ ಟಿ-ಫೈಬರ್ ಯೋಜನೆಯ ಪ್ರಯೋಗಕ್ಕೆ 2024ರ ಡಿಸೆಂಬರಿನಲ್ಲಿ ಆಯ್ದ ಕಡೆಗಳಲ್ಲೂ ಮದ್ದೂರು ಇತ್ತು. ಹೊಸದೆಲ್ಲ ಮೊದಲು ಬರುವ ಊರಿನಲ್ಲಿ ಹೊಸದರ ತೊಡಕೂ ಮೊದಲು ಬರುತ್ತದೆ. ಕಾಯ್ದೆ ಬದಲಾದಾಗ ಅಧಿಕಾರಿಗಳಿಗೆ ತರಬೇತಿ ಸಭೆ ನಡೆಯುತ್ತದೆ. ಪರದೆಯ ಗುಂಡಿಗಳು ಎಲ್ಲಿಂದೆಲ್ಲಿಗೆ ಹೋದವೆಂದು ಕಂಡುಕೊಳ್ಳುವ ಪಾಡು ಆಪರೇಟರನದು, ಅದೂ ಜನರನ್ನು ಎದುರಿಗೆ ಕೂರಿಸಿಕೊಂಡೇ.

ಸರ್ವರ್ ಇಲ್ಲ ಅಂದರೆ?

ಅಜ್ಜನ ಬೆರಳು ಯಂತ್ರದ ಮೇಲೆ ಕೂತಾಗ ಏನಾಗುತ್ತದೆ ನೋಡಿ. ಬೆರಳಿನ ಗುರುತು ಮೇಜಿನ ಮೇಲಿನ ಕಂಪ್ಯೂಟರಿಗೆ ಹೋಗಿ, ಅಲ್ಲಿಂದ ಕಚೇರಿಯ ಇಂಟರ್‌ನೆಟ್ ತಂತಿ ಹಿಡಿದು, ದೂರದ ದತ್ತಾಂಶ ಕೇಂದ್ರಕ್ಕೆ ಮುಟ್ಟಬೇಕು. ಆಧಾರ್ ವ್ಯವಸ್ಥೆ ಇವರು ಇವರೇ ಎಂದು ಒಪ್ಪಬೇಕು. ಕಟ್ಟಿದ ಶುಲ್ಕದ ಲೆಕ್ಕ ತಾಳೆಯಾಗಬೇಕು. ಇಷ್ಟಾದ ಮೇಲೆ ಉತ್ತರ ಅದೇ ದಾರಿಯಲ್ಲಿ ಮರಳಿ ಬರಬೇಕು. ಇದರಲ್ಲಿ ಎಲ್ಲಿ ಕೊಂಡಿ ಕಳಚಿದರೂ ಜನರಿಗೆ ಸಿಗುವ ಉತ್ತರ ಒಂದೇ, “ಸರ್ವರ್ ಇಲ್ಲ”.

ಅನುಭವಿ ಆಪರೇಟರ್ ಒಂದೆರಡು ನಿಮಿಷದಲ್ಲಿ ಕೊಂಡಿ ಎಲ್ಲಿ ಕಳಚಿದೆ ಎಂದು ಅಂದಾಜು ಮಾಡುತ್ತಾನೆ. ಬೇರೊಂದು ಜಾಲತಾಣ ತೆರೆದು ನೋಡುತ್ತಾನೆ. ಅದೂ ಬಾರದಿದ್ದರೆ ಕಚೇರಿಯ ತಂತಿಯದೇ ತಕರಾರು. ಅದು ಬಂದು ಪೋರ್ಟಲ್ ಮಾತ್ರ ಬಾರದಿದ್ದರೆ ಪಕ್ಕದ ಮಂಡಲದ ಗೆಳೆಯನಿಗೆ ಫೋನು: “ಮಾಗನೂರಾಗ ಬರ್ತಿದೆಯೇನು?” ಅಲ್ಲೂ ಇಲ್ಲ, ಕೃಷ್ಣಾ ಮಂಡಲದಲ್ಲೂ ಇಲ್ಲವೆಂದರೆ ತೊಂದರೆ ಮೇಲಿನದು, ಇಲ್ಲಿ ಯಾರು ಕೂಗಾಡಿದರೂ ಪ್ರಯೋಜನವಿಲ್ಲ. ಎಲ್ಲ ಕಡೆ ಬರುತ್ತಿದ್ದು ಒಬ್ಬರ ಬೆರಳು ಮಾತ್ರ ಹತ್ತದಿದ್ದರೆ ದುಡಿದು ಸವೆದ ಬೆರಳೇ ಕಾರಣ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಇನ್ನೊಂದು ಬೆರಳು ಇಡಿಸಿ ನೋಡುತ್ತಾನೆ.

ಈ ಪತ್ತೆದಾರಿಯೇ ಅವನ ನಿಜವಾದ ಪರಿಣತಿ. ಆದರೆ ಅವನ ಹುದ್ದೆಯ ವಿವರಣೆಯಲ್ಲಿ ಅದು ಇರುವುದಿಲ್ಲ. ‘ಡೇಟಾ ಎಂಟ್ರಿ’ ಎಂದಷ್ಟೇ ಇರುತ್ತದೆ. ಮೇಲಧಿಕಾರಿ ದಿನಕ್ಕೆ ಎಷ್ಟು ಅರ್ಜಿ ಹತ್ತಿಸಿದೆ ಎಂದು ಎಣಿಸುತ್ತಾರೆ, ಯಾವ ಅರ್ಜಿ ಯಾಕೆ ನಿಂತಿತು ಎಂದು ಕಂಡುಹಿಡಿದದ್ದನ್ನು ಎಣಿಸುವುದಿಲ್ಲ.

ಗಡಿ ಮಂಡಲಗಳಲ್ಲಿ ಇನ್ನೊಂದು ಪರಿಣತಿಯೂ ಲೆಕ್ಕದಿಂದ ಬಿಟ್ಟುಹೋಗಿದೆ. ಕೃಷ್ಣಾ, ಮಾಗನೂರು ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಸರ್ಕಾರಿ ಕನ್ನಡ ಶಾಲೆಗಳೂ ಇವೆ. ಕಚೇರಿಯ ದಾಖಲೆ ತೆಲುಗು ಮತ್ತು ಇಂಗ್ಲಿಷಿನಲ್ಲಿ. ಮನೆಯಲ್ಲಿ ಈರಪ್ಪ ಆದವರು ಒಂದು ಕಾಗದದಲ್ಲಿ ವೀರಪ್ಪ, ಇನ್ನೊಂದರಲ್ಲಿ ಈರಣ್ಣ ಆಗಿರುತ್ತಾರೆ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಎರಡೂ ಭಾಷೆ ಬಲ್ಲ ಆಪರೇಟರ್ ಅರ್ಜಿ ಹತ್ತಿಸುವ ಮುನ್ನವೇ ಇದನ್ನು ಗುರುತಿಸಿ, “ಆಧಾರದಾಗ ಏನೈತಿ, ತೋರಸ್ರಿ” ಎಂದು ಕೇಳುತ್ತಾನೆ. ಆ ಒಂದು ಪ್ರಶ್ನೆಯಿಂದ ರೈತನ ತಿಂಗಳುಗಳ ಅಲೆದಾಟ ತಪ್ಪಬಹುದು.

ಏನೂ ಆಗದಿರುವುದೇ ಕೆಲಸ

ಐಟಿ ಸಿಬ್ಬಂದಿಯ ವಿಷಯದಲ್ಲಿ ಮೇಲಧಿಕಾರಿಗಳು ಎಡವುವ ದೊಡ್ಡ ಜಾಗ ಇದು. ಎಲ್ಲ ಸರಿಯಾಗಿ ನಡೆಯುತ್ತಿದ್ದಾಗ “ಇವನು ಮಾಡುವುದಾದರೂ ಏನು?” ಎನಿಸುತ್ತದೆ. ಕೆಟ್ಟು ನಿಂತಾಗ “ಇವನು ಇದ್ದೂ ಏನು ಪ್ರಯೋಜನ?” ಎನಿಸುತ್ತದೆ. ಸುಗಮವಾಗಿ ಕಳೆದ ದಿನದ ಹಿಂದೆ ಅವನ ಕೆಲಸ ಇತ್ತೆಂಬುದು ಹೊಳೆಯುವುದೇ ಇಲ್ಲ.

2017ರ ಮೇ 12ರಂದು ವಾನಾಕ್ರೈ ಎಂಬ ಹಾನಿಕಾರಕ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ತತ್ತರಿಸಿದವು. ಪಕ್ಕದ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರುಗಳಿಗೂ ಅದು ತಗುಲಿತು. ಅದು ನುಗ್ಗಿದ ತೂತನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್ 14ಕ್ಕೆ ಬಿಟ್ಟಿತ್ತು. ಹಾಕಿದವರು ಉಳಿದರು. ಹಾಗೆ ಉಳಿದ ಕಚೇರಿಗಳ ಐಟಿ ಸಿಬ್ಬಂದಿಗೆ ಯಾರೂ ಶಾಲು ಹೊದಿಸಲಿಲ್ಲ. ಅವರ ಕಚೇರಿಯಲ್ಲಿ ಅಂದು ಏನೂ ಆಗಿರಲಿಲ್ಲವಲ್ಲ!

ವಿಂಡೋಸ್ 10ಕ್ಕೆ ಅಂಥ ತೇಪೆ ಕೊಡುವ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಊರುಗಳ ಎಷ್ಟೋ ಮೇಜುಗಳ ಮೇಲೆ ಅದೇ ಓಡುತ್ತಿದೆ. “ಸರ್, ಇದನ್ನು ಬದಲಿಸಬೇಕು” ಎಂದು ಹುಡುಗ ಹೇಳಿದಾಗ “ಚಲೋ ನಡೀಲಿಕ್ಕತ್ತದಲ್ಲ” ಎಂದು ಕಡತ ಮುಚ್ಚುವುದು ಸುಲಭ. ಹಾಗೆ ಹೇಳಿದವನ ಮಾತನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳುವುದು, ಬದಲಿಸಲು ಆಗದಿದ್ದರೆ ಯಾಕೆ ಆಗಲಿಲ್ಲವೆಂದು ಕೆಳಗೆ ಬರೆಯುವುದು ಒಳ್ಳೆಯ ಮೇಲಧಿಕಾರಿಯ ಲಕ್ಷಣ. ತಿಂಗಳಿಗೊಮ್ಮೆ ಅರ್ಧ ದಿನ ಜನರ ಕೆಲಸ ನಿಲ್ಲಿಸಿ ತೇಪೆ ಹಾಕಲು, ದಾಖಲೆಗಳ ಪ್ರತಿ ತೆಗೆದಿಡಲು ಬಿಟ್ಟುಕೊಡುವುದೂ ಆಡಳಿತವೇ.

ಕೀಲಿಕೈ ಯಾರ ಜೇಬಿನಲ್ಲಿ?

ಪೆನ್‌ಡ್ರೈವಿನಂತೆ ಕಾಣುವ ಒಂದು ಚಿಕ್ಕ ಡಾಂಗಲ್. ಅದರೊಳಗೆ ಅಧಿಕಾರಿಯ ಡಿಜಿಟಲ್ ಸಹಿ. ಕಾಗದದ ಮೇಲಿನ ರುಜುವಿಗೆ ಎಷ್ಟು ಬೆಲೆಯೋ ಕಾನೂನಿನಲ್ಲಿ ಇದಕ್ಕೂ ಅಷ್ಟೇ ಬೆಲೆ. ಸಾಹೇಬರು ಸಭೆಗೆ ಹೊರಟಾಗ ಅದನ್ನು ಮೇಜಿನ ಮೇಲಿಟ್ಟು, ಪಾಸ್‌ವರ್ಡ್ ಹೇಳಿ, “ನೋಡ್ಕೊಂಡು ಮುಗಿಸಿಬಿಡು” ಎನ್ನುವುದುಂಟು. ಜನ ಕಾಯುತ್ತಿರುತ್ತಾರೆ, ಕೆಲಸ ನಿಲ್ಲಬಾರದು, ಉದ್ದೇಶ ಒಳ್ಳೆಯದೇ. ಆದರೆ ಖಾಲಿ ಚೆಕ್ಕಿಗೆ ರುಜು ಹಾಕಿ ಕೊಟ್ಟದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಡಿಜಿಟಲ್ ಸಹಿಯ ಗುಪ್ತ ಕೀಲಿಯನ್ನು ಜೋಪಾನವಾಗಿಟ್ಟುಕೊಳ್ಳುವ ಹೊಣೆ ಸಹಿಯ ಒಡೆಯರದು. ಮತ್ತೊಬ್ಬರ ಪಾಸ್‌ವರ್ಡ್ ಅಥವಾ ಸಹಿಯನ್ನು ಮೋಸದಿಂದ ಬಳಸಿದರೆ 66-ಸಿ ಕಲಂ ಅಡಿ ಮೂರು ವರ್ಷದವರೆಗೆ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ ಆಗಬಹುದು. ನಾಳೆ ಒಂದು ಸರ್ವೆ ನಂಬರು ತಪ್ಪಾಗಿ ಬೇರೆಯವರ ಹೆಸರಿಗೆ ಹೋದರೆ ಯಾರು ಒತ್ತಿದರೆಂದು ಹೇಳಲು ಕಂಪ್ಯೂಟರಿಗೆ ಸಾಧ್ಯವಿಲ್ಲ. ಯಾರ ಲಾಗಿನ್ ಎಂದಷ್ಟೇ ಅದು ಹೇಳುತ್ತದೆ. ಒಂದು ಲಾಗಿನ್ ಇಬ್ಬರ ಕೈಯಲ್ಲಿದ್ದರೆ ಅಧಿಕಾರಿಗೂ ರಕ್ಷಣೆ ಇಲ್ಲ, ಹುಡುಗನಿಗೂ ಇಲ್ಲ. ಕೊನೆಗೆ ಬಲಿಯಾಗುವವನು ನೌಕರಿ ಕಾಯಂ ಇಲ್ಲದವನೇ.

ಕೃಷ್ಣಾ ನದಿಯ ಆಚೆ ದಂಡೆಯ ಕರ್ನಾಟಕ ಇದೇ ಸಮಸ್ಯೆಯನ್ನು ಎರಡು ದಶಕಗಳ ಹಿಂದೆ ಎದುರಿಸಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ‘ಭೂಮಿ’ ಯೋಜನೆ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ರೈತರ ದಾಖಲೆ ಅದು. ದಾಖಲೆ ತುಂಬುವ ಕೆಲಸ ಹೊರಗಿನ ಏಜೆನ್ಸಿಗಳಿಂದ ಆಯಿತು. ಆಮೇಲೆ ತಾಲ್ಲೂಕಿನ ಭೂಮಿ ಕೇಂದ್ರದಲ್ಲಿ ಕೂರಲು ಇಲಾಖೆಯದೇ ಗ್ರಾಮ ಲೆಕ್ಕಾಧಿಕಾರಿಗಳನ್ನು ತರಬೇತಿ ಕೊಟ್ಟು ತಂದರು. ಪಾಸ್‌ವರ್ಡ್ ಬದಲು ಬೆರಳಚ್ಚಿನಿಂದ ಲಾಗಿನ್. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳುವ ಕಟ್ಟುಪಾಡು ತಂತ್ರಾಂಶದೊಳಗೇ ಇತ್ತು. ಯಾರು ಮಾಡಿದರು ಎಂಬ ಪ್ರಶ್ನೆಗೆ ಒಂದೇ ಉತ್ತರ ಸಿಗುವಂತೆ ಮಾಡಿದ್ದೇ ಅದರ ಜಾಣತನ. ಹಾಗಂತ ಭೂಮಿ ಬಂದು ಭ್ರಷ್ಟಾಚಾರ ಅಳಿಯಿತೆಂದಲ್ಲ. ಅನುಮಾನ ಬಂದಾಗ ಒಬ್ಬನ ಮೇಲೆ ಗೂಬೆ ಕೂರಿಸುವ ಬದಲು ದಾಖಲೆ ತೆಗೆದು ನೋಡುವ ದಾರಿಯಾಯಿತು, ಅಷ್ಟೇ. “ಕೈ ಬೆಚ್ಚಗಾದ್ರ” ಎಂಬ ಗೊಣಗಿಗೂ ಮದ್ದು ಇಲ್ಲೇ ಇದೆ. ಸರದಿ ಎಲ್ಲರಿಗೂ ಕಾಣುವಂತಿದ್ದರೆ ಪ್ರಾಮಾಣಿಕ ಆಪರೇಟರನೂ ತಲೆ ಎತ್ತಿ ಕೂರಬಹುದು.

ನಡುವೆ ಕರೆಯುವವರು

ಗದ್ವಾಲ ಸೀರೆಯ ಮಗ್ಗದ ಮುಂದೆ ನಿಂತವರಿಗೆ ಗೊತ್ತು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಮಗ್ಗದ ಮೇಲೆಯೇ ಕೂಡಿಸಿ ನೇಯುತ್ತಾರೆ. ನೇಕಾರ ಎಳೆ ಎಣಿಸುತ್ತಿರುವಾಗ ಮನೆಯವರೂ ಮಾತಾಡಿಸುವುದಿಲ್ಲ. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಮೊದಲಿನಿಂದ ಬರಬೇಕು. ಕಂಪ್ಯೂಟರಿನಲ್ಲಿ ದೋಷ ಹುಡುಕುವವನ ತಲೆಯಲ್ಲೂ ಅಂಥ ಎಣಿಕೆ ನಡೆದಿರುತ್ತದೆ. ಅದು ಹೊರಗೆ ಕಾಣುವುದಿಲ್ಲ. ನೋಡುವವರಿಗೆ ಸುಮ್ಮನೆ ಪರದೆ ದಿಟ್ಟಿಸುತ್ತ ಕೂತಂತೆ ಕಾಣುತ್ತಾನೆ. ಹಾಗಾಗಿ ಯಾರು ಬೇಕಾದರೂ, ಯಾವಾಗ ಬೇಕಾದರೂ ಕರೆಯುತ್ತಾರೆ.

ಇದಕ್ಕೆ ಪೇಟೆಯ ಕಂಪನಿಗಳಲ್ಲಿ ‘ಟಿಕೆಟ್’ ಪದ್ಧತಿ ಇದೆ. ದೂರು ದಾಖಲಾಗಿ, ಸಂಖ್ಯೆ ಪಡೆದು, ಸರದಿಗೆ ನಿಲ್ಲುತ್ತದೆ. ಸಣ್ಣ ಕಚೇರಿಗೆ ಅಂಥ ತಂತ್ರಾಂಶವೇನೂ ಬೇಡ. ನೂರು ಪುಟದ ಒಂದು ರಿಜಿಸ್ಟರ್, ಐದು ಕಾಲಂ ಸಾಕು: ಯಾರು ಹೇಳಿದರು, ಏನು ತೊಂದರೆ, ಎಷ್ಟು ಹೊತ್ತಿಗೆ, ಏನು ಮಾಡಿದೆ, ಮುಗಿಯಿತೇ. ಮೂರು ತಿಂಗಳ ಬಳಿಕ ಅದನ್ನು ತಿರುವಿದರೆ ಕಚೇರಿಯ ಜಾತಕವೇ ಸಿಗುತ್ತದೆ. ವಾರದಲ್ಲಿ ನಾಲ್ಕು ಸಲ ಅದೇ ಪ್ರಿಂಟರಿನ ಹೆಸರಿದ್ದರೆ ಹುಡುಗನನ್ನು ಬೈಯುವುದು ಬಿಟ್ಟು ಪ್ರಿಂಟರ್ ಬದಲಿಸಿ. ಪ್ರತಿ ಮಧ್ಯಾಹ್ನ ಇಂಟರ್‌ನೆಟ್ ಹೋಗುತ್ತಿದ್ದರೆ ಆ ಪುಟವನ್ನೇ ಮೇಲಿನವರಿಗೆ ಕಳಿಸಿ.

ಸರದಿಗೆ ಒಂದು ಅಪವಾದ ಇರಲಿ. ಇಡೀ ಕಚೇರಿ ನಿಂತರೆ ಅದು ಮೊದಲು. ಜನರ ಕೆಲಸ ನಿಂತರೆ ಅದು ಎರಡನೆಯದು. ಒಬ್ಬರ ಅನುಕೂಲ ಕೊನೆಯದು. ಆ ಒಬ್ಬರು ಸಾಹೇಬರೇ ಆದರೂ ಕೊನೆಯದೇ. ಈ ಮಾತನ್ನು ಸಾಹೇಬರು ತಾವೇ ಎಲ್ಲರೆದುರು ಹೇಳಿದರೆ ಮಾತ್ರ ನಡೆಯುತ್ತದೆ.

ಆಳು ಹೆಚ್ಚಿದರೆ ಕೆಲಸ ಬೇಗವೇ?

ಕಡತ ಉಳಿದುಹೋದಾಗ ಇನ್ನೂ ನಾಲ್ಕು ಜನರನ್ನು ಕೂರಿಸುವುದು ಹಳೆಯ ರೂಢಿ. ಟೈಪಿಂಗ್ ಕೆಲಸಕ್ಕೆ ಅದು ಸರಿಹೋಗುತ್ತದೆ. ತಂತ್ರಾಂಶ ಕಟ್ಟುವ, ದೋಷ ಹುಡುಕುವ ಕೆಲಸಕ್ಕೆ ಅದೇ ಲೆಕ್ಕ ಹಾಕಿದರೆ ಕೆಡುತ್ತದೆ. ಐಬಿಎಂ ಕಂಪನಿಯ ಭಾರೀ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ತನ್ನ ಪುಸ್ತಕದಲ್ಲಿ ಬರೆದ ತತ್ವ ಇಂದಿಗೂ ಪ್ರಸಿದ್ಧ: ತಡವಾಗಿರುವ ಸಾಫ್ಟ್‌ವೇರ್ ಯೋಜನೆಗೆ ಆಳು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಹೊಸಬರಿಗೆ ಹೇಳಿಕೊಡುವವರು ಹಳಬರೇ. ಹೇಳಿಕೊಡುವಷ್ಟು ಹೊತ್ತು ಅವರ ಕೆಲಸ ನಿಲ್ಲುತ್ತದೆ. ಜನ ಹೆಚ್ಚಿದಂತೆ ಒಬ್ಬರಿಗೊಬ್ಬರು ತಿಳಿಸಬೇಕಾದ ಮಾತೂ ಬೆಳೆಯುತ್ತದೆ.

ಹೊಸ ಪೋರ್ಟಲ್ ಬಂದ ವಾರದಲ್ಲೇ ಪಕ್ಕದ ಕಚೇರಿಯ ನಾಲ್ವರನ್ನು ಎರವಲು ತಂದರೆ ಆಗುವುದೂ ಇದೇ. ಆಳು ಬೇಕಾದರೆ ಮುಂಚೆಯೇ ಕೊಡಬೇಕು. ಗಡುವು ಹತ್ತಿರವಾದಾಗ ಕೊಡಬೇಕಾದ್ದು ತಡೆಯಿಲ್ಲದ ಹೊತ್ತು.

ತಪ್ಪು ಒತ್ತಿದ ಬೆರಳು

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರ್ ಒಬ್ಬ ತೊಂದರೆ ಸರಿಪಡಿಸಲು ಹೋಗಿ, ಬೇರೊಂದು ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿಬಿಟ್ಟ. ಕಾಪಿಟ್ಟ ಪ್ರತಿಗಳಿಂದ ಮರಳಿ ತರೋಣವೆಂದರೆ ನೆಚ್ಚಿಕೊಂಡಿದ್ದ ವ್ಯವಸ್ಥೆಗಳು ಒಂದಾದ ಮೇಲೊಂದು ಕೈಕೊಟ್ಟವು. ಸುಮಾರು ಆರು ಗಂಟೆಗಳಷ್ಟು ದಾಖಲೆ ಹೋಗೇ ಹೋಯಿತು. ಕಂಪನಿ ಆ ಎಂಜಿನಿಯರನ ಹೆಸರು ಹಿಡಿದು ಹಳಿಯಲಿಲ್ಲ. ನಡೆದದ್ದನ್ನೆಲ್ಲ ಜಗತ್ತಿನೆದುರು ಬರೆದು, ಪ್ರತಿ ತೆಗೆದಿಡುವ ತನ್ನ ಪದ್ಧತಿಯೇ ಹಾಳಾಗಿತ್ತೆಂದು ಒಪ್ಪಿಕೊಂಡಿತು.

ಇದು ಉದಾರತೆ ಎನಿಸಬಹುದು. ನಿಜದಲ್ಲಿ ಇದು ವ್ಯವಹಾರ ಜಾಣ್ಮೆ. ತಪ್ಪು ಒಪ್ಪಿದವನಿಗೆ ಶಿಕ್ಷೆ ಖಚಿತ ಎಂದಾದರೆ ಮುಂದಿನವನು ಮುಚ್ಚಿಡುತ್ತಾನೆ. ಕಂಪ್ಯೂಟರಿನ ತಪ್ಪು ಮುಚ್ಚಿಟ್ಟಷ್ಟೂ ಬೇರು ಬಿಡುತ್ತದೆ. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಆದೇಶಿಸಿದೆ. “ಸಾರ್, ಒಂದು ಕೆಟ್ಟ ಲಿಂಕ್ ಒತ್ತಿಬಿಟ್ಟೆ” ಎಂದು ಹೇಳಲು ನೌಕರನಿಗೆ ಧೈರ್ಯವೇ ಇಲ್ಲದ ಕಚೇರಿಯಲ್ಲಿ ಆರು ಗಂಟೆಯ ಗಡುವಿಗೆ ಅರ್ಥವೇನು?

ಕೈಜಾರಿ ಆದ ತಪ್ಪು ಮತ್ತು ಬೇಕೆಂದೇ ಮಾಡಿದ ಮೋಸ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೊದಲನೆಯದಕ್ಕೆ “ಹೇಗಾಯಿತು?” ಎಂದು ಕೇಳಿ. ಎರಡನೆಯದಕ್ಕೆ ಪೊಲೀಸರಿದ್ದಾರೆ.

ಉಳಿಯುವುದಕ್ಕೆ ಕಾರಣ ಬೇಕು

ಈ ಸೀಮೆಯಲ್ಲಿ ಚೆನ್ನಾಗಿ ಕೆಲಸ ಕಲಿತವನು ಹೈದರಾಬಾದಿನ ಬಸ್ಸು ಹತ್ತುತ್ತಾನೆ. ದೂರುವಂತಿಲ್ಲ. ಹೊರಗುತ್ತಿಗೆಯ ನೌಕರನಿಗೆ ಬಡ್ತಿಯ ಮೆಟ್ಟಿಲಿಲ್ಲ, ಅನುಭವಕ್ಕೆ ಬೇರೆ ಬೆಲೆಯಿಲ್ಲ. ಸಂಬಳ ಹೆಚ್ಚಿಸುವುದು ತಹಸೀಲ್ದಾರರ ಕೈಯಲ್ಲೂ ಇಲ್ಲ. ಆದರೆ ಏಜೆನ್ಸಿ ತಿಂಗಳಿಗೆ ಸರಿಯಾಗಿ ಹಣ ಹಾಕಿತೇ, ಭವಿಷ್ಯನಿಧಿ ಕಟ್ಟಿತೇ ಎಂದು ವಿಚಾರಿಸುವುದು ಅವರ ಕೈಯಲ್ಲಿದೆ. ಜಿಲ್ಲಾ ಕೇಂದ್ರದ ತರಬೇತಿಗೆ ಗುಮಾಸ್ತನ ಬದಲು ಆಪರೇಟರನನ್ನೇ ಕಳಿಸುವುದು, ಮಾಡಿದ ಕೆಲಸಕ್ಕೆ ಅನುಭವ ಪತ್ರ ಕೊಡುವುದು, ಭಾನುವಾರ ಕರೆಸಿದರೆ ಬದಲಿ ರಜೆ ಕೊಡುವುದು ಇವೆಲ್ಲ ಹಣ ಖರ್ಚಿಲ್ಲದ ಕೆಲಸಗಳು.

ಬೆಂಗಳೂರಿನಲ್ಲೂ ಐಟಿ ನೌಕರರ ಸ್ಥಿತಿ ವಿವಾದದ ವಿಷಯವೇ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ 2014ರಲ್ಲಿ ವಿನಾಯಿತಿ ಕೊಟ್ಟಿತು, ಆಮೇಲೂ ವಿಸ್ತರಿಸಿತು. ಐಟಿ ನೌಕರರ ಸಂಘ ಕೆಐಟಿಯು ಅದನ್ನು ವಿರೋಧಿಸುತ್ತ ಬಂತು. ಆ ವಿನಾಯಿತಿಗೂ ಷರತ್ತುಗಳಿದ್ದವು; ಆಡಳಿತದವರು ಮತ್ತು ನೌಕರರು ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕು ಎಂಬುದು ಅವುಗಳಲ್ಲೊಂದಾಗಿತ್ತು. ಮಕ್ತಲದ ಒಂಟಿ ಆಪರೇಟರನಿಗೆ ಸಮಿತಿ ಎಲ್ಲಿಂದ ಬರಬೇಕು? ತಿಂಗಳಿಗೊಮ್ಮೆ ಕರೆದು ಕೂರಿಸಿ “ನಿನಗೇನು ಅಡ್ಡಿ?” ಎಂದು ಕೇಳುವ ಮೇಲಧಿಕಾರಿಯೇ ಅವನ ಪಾಲಿನ ಸಮಿತಿ.

ಒಬ್ಬನೇ ಬಲ್ಲವನಿದ್ದರೆ

ಕೊನೆಯ ಅಪಾಯ ಎದುರು ದಿಕ್ಕಿನದು. ಎಲ್ಲವೂ ಒಬ್ಬನಿಗೇ ಗೊತ್ತಿರುವ ಕಚೇರಿಯಲ್ಲಿ ಅವನೇ ದೊರೆ. ಪಾಸ್‌ವರ್ಡ್ ಅವನ ತಲೆಯಲ್ಲಿ, ಕೇಬಲ್ ಎಲ್ಲಿಂದ ಬಂದಿದೆಯೆಂಬುದು ಅವನ ನೆನಪಿನಲ್ಲಿ. ಅವನು ಮುನಿಸಿಕೊಂಡರೆ, ಮದುವೆಗೆ ಹೋದರೆ, ಜ್ವರ ಬಂದು ಮಲಗಿದರೆ ಕಚೇರಿ ಮೌನ. ತನ್ನ ಗುಟ್ಟನ್ನೇ ಬಲ ಮಾಡಿಕೊಂಡು ಸತಾಯಿಸುವ ಕಂಪ್ಯೂಟರಿನವರೂ ಇಲ್ಲದಿಲ್ಲ. ಬಹಳ ಸಲ ಅದು ಅಭದ್ರತೆಯ ಫಲ. ಗೊತ್ತಿದ್ದುದನ್ನೆಲ್ಲ ಬರೆದುಕೊಟ್ಟರೆ ನಾಳೆ ತನ್ನನ್ನು ತೆಗೆದಾರು ಎಂಬ ಭಯ. ಆದ್ದರಿಂದ ಮೊದಲು ಭರವಸೆ, ಆಮೇಲೆ ಬರಹ. ಲಾಗಿನ್‌ಗಳ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿ ಅಧಿಕಾರಿಯ ಕಪಾಟಿನಲ್ಲಿರಲಿ. ಎರಡನೆಯವನೊಬ್ಬ ವಾರಕ್ಕೊಂದು ದಿನ ಆ ಕುರ್ಚಿಯಲ್ಲಿ ಕೂರಲಿ. ಮೂರು ತಿಂಗಳಿಗೊಮ್ಮೆ ಕಾಪಿಟ್ಟ ಪ್ರತಿಯಿಂದ ಒಂದು ಕಡತ ಮರಳಿ ತೆಗೆದು ತೋರಿಸಲು ಹೇಳಿ. ತೆಗೆಯಲು ಬಾರದ ಪ್ರತಿ ಇದ್ದೂ ಇಲ್ಲದಂತೆ.

ಧರಣಿ ಹೋಯಿತು, ಭೂಭಾರತಿ ಬಂತು. ಮುಂದೆ ಇನ್ನೊಂದು ಬಂದೀತು. ತಂತ್ರಾಂಶ ಯಾವುದಿರಬೇಕೆಂದು ತೀರ್ಮಾನವಾಗುವುದು ಹೈದರಾಬಾದಿನಲ್ಲಿ. ಆದರೆ ಈ ಮೇಜಿನ ಹಿಂದೆ ಕೂತವನ ಕೆಲಸ ಯಾವುದು, ಯಾವುದು ಅಲ್ಲ, ಅವನು ಯಾರಿಗೆ ಉತ್ತರ ಕೊಡಬೇಕು, ಅವನ ಪರವಾಗಿ ಯಾರು ಮಾತಾಡಬೇಕು ಎಂಬುದನ್ನು ನಾರಾಯಣಪೇಟೆ, ಮಕ್ತಲ, ಗದ್ವಾಲದ ಕಚೇರಿಗಳು ತಮ್ಮಲ್ಲೇ ಕೂತು ಬರೆದುಕೊಳ್ಳಬಹುದು. ಅದಕ್ಕೆ ಒಂದು ಹಾಳೆ ಸಾಕು, ಯಾವ ಸರ್ವರೂ ಬೇಕಿಲ್ಲ.